ಬಸ್ಸಿನಲ್ಲಿ ಬಂದ ಎಣ್ಣೆ ಬಾಟ್ಲಿ

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಹಡಗಲಿಯ ಒಂದು ನಿಶ್ಚಿತಾರ್ಥದಲ್ಲಿ ಮದುಮಗಳ ಕೈಯಲ್ಲಿದ್ದ ಲೋಟವನ್ನು ನಾನು ಹೊಡೆದು ಬೀಳಿಸಿದೆ. ಆ ಊರಿನ ಕೆಲವರ ಬಾಯಲ್ಲಿ ಇವತ್ತಿಗೂ ನಾನು 'ಅಪಶಕುನ ಮಾಡಿದ ಟೀಚರು'. ಯಾಕೆ ಹೊಡೆದೆ ಅನ್ನುವುದನ್ನು ಪೂರ್ತಿಯಾಗಿ ಬರೆಯುತ್ತಿರುವುದು ಇದೇ ಮೊದಲು. ಹೆಸರುಗಳನ್ನು ಬದಲಿಸಿದ್ದೇನೆ.

ನನ್ನ ಊರು ಹರಪನಹಳ್ಳಿ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾನಿರುವ ಬಾಡಿಗೆ ಕೋಣೆಯ ಕೆಳಗೆ ಎರಡು ಮಳಿಗೆಗಳಿವೆ. ಒಂದರಲ್ಲಿ ರೇಖಾಳ ಬ್ಯೂಟಿ ಪಾರ್ಲರ್. ಪಕ್ಕದ್ದರಲ್ಲಿ ಕೊಟ್ರಮ್ಮ ಬ್ಲೌಸ್ ಹೊಲಿಯುತ್ತಾಳೆ. ರೇಖಾ ಇದೇ ಊರಿನವಳು, ಬಾಯಿ ಬಡಕಿ. ಕೊಟ್ರಮ್ಮ ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆಯ ಹಳ್ಳಿಯವಳು. ಅಣ್ಣ, ಅತ್ತಿಗೆ ಹೊಲ ಮಾಡಿಕೊಂಡಿದ್ದಾರೆ. ಮಾತು ಕಡಿಮೆ, ಕೆಲಸ ಚೊಕ್ಕ. ವಯಸ್ಸಿನಲ್ಲಿ ಮೂವರೂ ಒಂದೆರಡು ವರ್ಷ ಹಿಂದೆ ಮುಂದೆ, ಹಾಗಾಗಿ ಸಲಿಗೆ.

ಕೊಟ್ರಮ್ಮಳಿಗೆ ಒಬ್ಬ ಹುಡುಗನಿದ್ದ. ಕೊಟ್ಟೂರಿನ ಮಂಜುನಾಥ, ಟೈಲ್ಸ್ ಅಂಗಡಿಯವನು. ಮೂರು ವರ್ಷದಿಂದ ಓಡಾಟ. ಆತ ಎಂದೂ ಅಂಗಡಿ ಬಾಗಿಲಿಗೆ ಬಂದವನಲ್ಲ, ಬಸ್ ಸ್ಟ್ಯಾಂಡಿನಲ್ಲೇ ನಿಂತು ಫೋನ್ ಮಾಡುತ್ತಿದ್ದ. ಹಾಗಾಗಿ ನಾನಾಗಲಿ ರೇಖಾ ಆಗಲಿ ಅವನನ್ನು ಎದುರಿಗೆ ಕಂಡಿರಲಿಲ್ಲ. ದಸರಾ ಹೊತ್ತಿಗೆ "ಅವ್ವಗ ಆರಾಮಿಲ್ಲ, ಒಂದ ವರ್ಷ ಮದಿವಿ ಮಾತು ಬ್ಯಾಡ" ಅಂದ. ಆಮೇಲೆ ಅವನ ಫೋನ್ ಹತ್ತಲಿಲ್ಲ.

ಸತ್ಯ ಗೊತ್ತಾದ ರೀತಿ ನೋಡಿ. ರೇಖಾಳಿಗೆ ಹಡಗಲಿಯಿಂದ ನಿಶ್ಚಿತಾರ್ಥದ ಮೇಕಪ್ಪಿಗೆ ಬುಲಾವ್ ಬಂತು. ಬ್ಲೌಸ್ ಕೂಡ ನೀವೇ ಹೊಲಿಸಿಕೊಡಿ ಅಂದರು. ಈಗ ಬ್ಲೌಸಿನ ತೋಳಿನ ಮೇಲೆ ಹುಡುಗನ ಹೆಸರನ್ನು ಜರಿಯಲ್ಲಿ ಬಿಡಿಸುವ ಚಾಳಿ ಬಂದಿದೆಯಲ್ಲ, ಅದೂ ಬೇಕಿತ್ತು. ರೇಖಾ ಚೀಟಿ ತಂದುಕೊಟ್ಟಳು. ಮೊಬೈಲಿನಲ್ಲಿ ಜೋಡಿಯ ಫೋಟೊ ತೋರಿಸಿದಳು. ಕೊಟ್ರಮ್ಮ ಫೋಟೊ ನೋಡಿದಳು, ಚೀಟಿ ನೋಡಿದಳು, ಸೂಜಿಗೆ ದಾರ ಪೋಣಿಸಿದಳು. ಮೂರು ದಿನ ಕೂತು 'ಮಂಜುನಾಥ' ಅಂತ ಬಿಡಿಸಿದಳು. ನಾಲ್ಕನೆಯ ದಿನ ರೇಖಾಳ ಕೈಗೆ ಬ್ಲೌಸ್ ಕೊಟ್ಟು, "ಇವನಽ ನನ್ನ ಮಂಜ್ಯಾ" ಅಂದಳು.

ರೇಖಾ ಬ್ಲೌಸನ್ನು ಹರಿಯಲು ಹೋದಳು. ಕೊಟ್ರಮ್ಮ ಕಸಿದುಕೊಂಡಳು. "ಅದಕ್ಯಾಕ ಹರೀತಿ? ಆ ಹುಡುಗಿ ಏನ್ ಮಾಡ್ಯಾಳ?"

ಆ ಭಾನುವಾರ ಮಧ್ಯಾಹ್ನ ಪಾರ್ಲರಿಗೆ ರಜೆ. ಕೊಟ್ರಮ್ಮಳ ಮನಸ್ಸು ಬೇರೆ ಕಡೆ ಹೊರಳಲಿ ಅಂತ ರೇಖಾ ನಮ್ಮಿಬ್ಬರ ಮುಖಕ್ಕೂ ಮುಲ್ತಾನಿ ಮಿಟ್ಟಿ ಬಳಿದು, ತಾನೂ ಬಳಿದುಕೊಂಡು, ಫೋನಿನಲ್ಲಿ ಒಂದು ಸಿನಿಮಾ ಹಚ್ಚಿದಳು. ಯಾವುದೋ ಭಾಷೆಯದು, ಕನ್ನಡಕ್ಕೆ ಡಬ್ ಆದದ್ದು. ಪ್ರೀತಿಸಿ ಕೈಕೊಟ್ಟವರ ಮೇಲೆ ನಾಲ್ವರು ಹೆಂಗಸರು ಸೇರಿ ಸೇಡು ತೀರಿಸಿಕೊಳ್ಳುವ ಕತೆ. ಹೆಣ ಬೀಳುವ ಕಡೆಯೂ ನಗು ಬರುವಂಥ ಸಿನಿಮಾ. ನಕ್ಕರೆ ಮುಖದ ಮಣ್ಣು ಬಿರುಕು ಬಿಡುತ್ತದೆ ಅಂತ ತಡೆದುಕೊಂಡೂ ನಕ್ಕು, ನಾನೂ ರೇಖಾಳೂ ಬೇಸಿಗೆಯ ಕೆರೆಯಂತಾಗಿದ್ದೆವು. ಕೊಟ್ರಮ್ಮಳ ಮುಖದಲ್ಲಿ ಒಂದು ಗೆರೆಯೂ ಬಿರಿದಿರಲಿಲ್ಲ.

ಅದರಲ್ಲೊಂದು ದೃಶ್ಯ. ಮದುವೆ ಮಂಟಪದಲ್ಲಿ ಕೂತ ಹುಡುಗನ ಹೊಟ್ಟೆ ಕೆಟ್ಟು, ಅವನು ಪಂಚೆ ಹಿಡಿದುಕೊಂಡು ಮತ್ತೆ ಮತ್ತೆ ಎದ್ದು ಓಡುತ್ತಾನೆ. ಕೊಟ್ರಮ್ಮ ಮೊದಲ ಸಲ ಬಾಯಿಬಿಟ್ಟಳು. "ಅದನ್ನ ಇನ್ನೊಂದ ಸಲ ಹಾಕು."

ರೇಖಾ ಹಾಕಿದಳು. ಕೊಟ್ರಮ್ಮ ಅಂದಳು, "ನಮ್ಮ ಮನ್ಯಾಗ ಹರಳೆಣ್ಣಿ ಐತಿ. ನಮ್ಮವ್ವ ಇದ್ದಾಗ ಕಾಸಿದ್ದು. ಎರಡ ಚಮಚ ಬಿದ್ರ ಎಂಥಾ ಗಂಡಸಾದ್ರೂ ಸಂಜಿತನ ಬಯಲಾಗ ಇರ್ತಾನ."

"ಯಲ್ಲವ್ವನಾಣಿ, ಇದು ಮಾತು!" ಅಂತ ರೇಖಾ ತೊಡೆ ತಟ್ಟಿದಳು.

ತಡೆಯಬೇಕಾದವಳು ನಾನು. ತಡೆಯಲಿಲ್ಲ. ಮೂರು ವರ್ಷ ಒಬ್ಬಳ ಬದುಕನ್ನು ಹಿಡಿದಿಟ್ಟು, ಅವ್ವನ ನೆಪ ಹೇಳಿ ಫೋನ್ ಕಟ್ ಮಾಡಿದವನು ಅರ್ಧ ದಿನ ಹೊಟ್ಟೆ ಹಿಡಿದುಕೊಂಡು ಓಡಿದರೆ ಲೋಕವೇನೂ ಮುಳುಗುವುದಿಲ್ಲ ಅನ್ನಿಸಿತು. ಅಲ್ಲದೆ ನಮ್ಮ ಕಡೆ ಬೀಗರನ್ನು ಗೋಳು ಹೊಯ್ದುಕೊಳ್ಳುವುದು ಪದ್ಧತಿಯೇ. ಚಹಾಕ್ಕೆ ಉಪ್ಪು ಹಾಕುತ್ತಾರೆ, ಎಲೆ ಅಡಿಕೆಯೊಳಗೆ ಮೆಣಸಿನಕಾಯಿ ಇಡುತ್ತಾರೆ. ಹುಡುಗಿಯ ಕಡೆಯ ಹೆಂಗಸರು ಹುಡುಗನಿಗೆ ಉಪ್ಪಿನ ಮಜ್ಜಿಗೆ ಕುಡಿಸಿ ನಗುತ್ತಾರೆ. ಯಾರೂ ಸಂಶಯಪಡುವುದಿಲ್ಲ.

ಕೊಟ್ರಮ್ಮ ನಮ್ಮೆದುರಿಗೇ ಊರಿಗೆ ಫೋನ್ ಮಾಡಿದಳು. "ಅತ್ತಿಗಿ, ಮಾಡದಾಗ ಎಣ್ಣಿ ಬಾಟ್ಲಿ ಐತಲ್ಲ, ಅದನ್ನ ಬಸ್ಸಿಗೆ ಹಾಕು." ಮಾಡ ಅಂದರೆ ಗೋಡೆಯಲ್ಲಿರುವ ಗೂಡು. ಊರಿನಿಂದ ಸಾಮಾನು ಬೇಕಾದರೆ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವುದು ಅವರ ರೂಢಿ. ನಿಶ್ಚಿತಾರ್ಥದ ಹಿಂದಿನ ದಿನ ಬಾಟ್ಲಿ ಬಂತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಕೊಟ್ರಮ್ಮ ಬಿಚ್ಚಲೇ ಇಲ್ಲ, ಹಾಗೇ ರೇಖಾಳ ಮೇಕಪ್ ಪೆಟ್ಟಿಗೆಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಮೂವರೂ ಹಡಗಲಿಗೆ ಹೋದೆವು. ನಾನು ರೇಖಾಳ ಸಹಾಯಕಿ. ಕೊಟ್ರಮ್ಮ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕಲ್ಯಾಣ ಮಂಟಪದ ಹೊರಗೆ ಕಾರಿನಲ್ಲೇ ಕೂತಳು. ಅವನು ಓಡುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಮದುಮಗಳು ಸುನೀತಾ. ಮಲ್ಲಿಗೆ ತೋಟದವರ ಮಗಳು, ಡಿಗ್ರಿ ಕೊನೆಯ ವರ್ಷ. ರೇಖಾ ಕಾಡಿಗೆ ಹಚ್ಚುವಾಗ ಕಣ್ಣಲ್ಲಿ ನೀರು ಬಂದರೆ, "ಸಾರಿರೀ ಅಕ್ಕಾ, ಮತ್ತ ಹಚ್ಚಬೇಕಾತು ನೀವು" ಅನ್ನುವಂಥ ಹುಡುಗಿ. ಬ್ಲೌಸ್ ತೊಟ್ಟು ಕನ್ನಡಿಯ ಮುಂದೆ ತೋಳು ತಿರುಗಿಸಿ, "ಯಾರ್ರೀ ಇಷ್ಟ ಚಂದ ಬಿಡಿಸ್ಯಾರ?" ಅಂತ ಕೇಳಿದಳು. ರೇಖಾ ಪಿನ್ನು ಹುಡುಕತೊಡಗಿದಳು, ನಾನು ಸೆರಗಿನ ನೆರಿಗೆ ಸರಿಮಾಡಿದೆ.

ಹನ್ನೊಂದೂವರೆಗೆ ಹುಡುಗನ ಕಡೆಯವರು ಬಂದರು. ಸೀರೆ ಕೊಟ್ಟರು, ಉಡಿ ತುಂಬಿದರು, ಉಂಗುರ ಹಾಕಿದರು. ಹುಡುಗಿಯ ಗೆಳತಿಯರು ಮಜ್ಜಿಗೆಯ ಮಾತು ಎತ್ತಿದರು. ರೇಖಾ ತಕ್ಷಣ, "ನೀವು ಫೋಟೊಕ್ಕ ನಿಂದರ್ರಿ, ನಾ ಕಲಸಿ ಕೊಡ್ತೀನಿ" ಅಂದಳು. ಮೇಕಪ್ ಕೋಣೆಯಲ್ಲಿ ನಾನು ಹಿತ್ತಾಳೆ ಲೋಟ ಹಿಡಿದೆ, ರೇಖಾ ಬಾಟ್ಲಿಯ ಬಟ್ಟೆ ಬಿಚ್ಚಿ ಸುರಿದಳು. ಮೂಗು ಮುರಿದು, "ಥೂ, ಏನಲೇ ಇದು, ಈ ಪರಿ ನಾತ" ಅಂದಳು.

ನಾನು ಏನಂದೆ ಗೊತ್ತೆ? "ಮನೇಲಿ ಕಾಸಿದ ಹಳೇ ಎಣ್ಣೆ ಹಾಗೇ ಇರುತ್ತೆ, ಮುಗ್ಗು ಹಿಡಿದಿರುತ್ತೆ" ಅಂದೆ. ಆ ಕೋಣೆಯ ತುಂಬ ಹೇರ್ ಸ್ಪ್ರೇ, ಉಗುರು ಬಣ್ಣ ತೆಗೆಯುವ ದ್ರವ, ಸೆಂಟು. ನನಗೂ ಏನೋ ಘಾಟು ಬಡಿದಿತ್ತು. ಆದರೆ ವಿಜ್ಞಾನ ಓದಿದವಳಲ್ಲವೆ, ಎಲ್ಲದಕ್ಕೂ ಒಂದು ಕಾರಣ ನನ್ನ ಹತ್ತಿರ ಸಿದ್ಧವಿರುತ್ತದೆ. ಈ ಒಂದು ವಾಕ್ಯ ಈಗಲೂ ತರಗತಿಯ ನಡುವೆ, ಹಲ್ಲುಜ್ಜುವಾಗ, ಬಸ್ಸಿನಲ್ಲಿ ನನ್ನ ಕಿವಿಗೆ ಬೀಳುತ್ತದೆ, ನನ್ನದೇ ಧ್ವನಿಯಲ್ಲಿ.

ಗೆಳತಿಯರು ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು ನಗುತ್ತಾ ವೇದಿಕೆಯ ಕಡೆ ನಡೆದರು. ಕೊಟ್ರಮ್ಮಳನ್ನು ಕರೆಯಲು ನಾನು ಹೊರಬಾಗಿಲಿಗೆ ಬಂದೆ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅವಳ ಅಣ್ಣ.

"ಟೀಚರ್ರೀ, ಕೊಟ್ರಮ್ಮ ಎಲ್ಲಿ ಅದಾಳ್ರೀ? ಆಕಿ ಫೋನ್ ಹತ್ತವಲ್ದು."

"ಇಲ್ಲೇ ಇದ್ದಾಳೆ, ಯಾಕೆ?"

"ಕಣ್ಣಿಗೆ ಕಾಣಾಕತ್ಯಾಳೇನ್ರೀ? ಆರಾಮ ಅದಾಳ? ಕೈಯಾಗ ಬಾಟ್ಲಿ ಐತೇನ್ ನೋಡ್ರೀ!" ಧ್ವನಿ ಅಳುವಂತಿತ್ತು. "ತೊಗರಿ ಹೂವಾಗೈತಿ ಅಂತ ಹೊಡಿಯಾಕ ಎಣ್ಣಿ ತಂದಿದ್ದೆ. ಮಗ್ಗಲ ಹೊಲದವಗ ಅರ್ಧ ಕೊಟ್ಟು, ಉಳಿದದ್ದು ಬಾಟ್ಲ್ಯಾಗ ಹಾಕಿ ಪಡಸಾಲಿ ಮಾಡದಾಗ ಇಟ್ಟಿದ್ದೆ. ಈಗ ನೋಡಿದ್ರ ಇಲ್ಲ. ನನ್ನ ಹೇಣ್ತಿ ಅಂತಾಳ, ಕೊಟ್ರಮ್ಮ ಕೇಳಿದ್ಲು, ಬಸ್ಸಿಗೆ ಹಾಕ್ದೆ ಅಂತ! ಆಕಿ ಮನಸಿಗೆ ಏನರ ಹಚ್ಚಿಕೊಂಡಾಳೇನ್ರೀ? ಆಕಿ ಕೈಯಾಗಿಂದ ಅದನ್ನ ಕಸಗೊಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ!"

ನಮ್ಮ ಸೀಮೆಯಲ್ಲಿ ಎಣ್ಣೆ ಅಂದರೆ ಒಂದೇ ಅಲ್ಲ. ಒಗ್ಗರಣೆಯದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ಸಂಜೆ ಗಂಡಸರು ಕುಡಿಯುವುದೂ ಎಣ್ಣೆ. ಬೆಳೆಗೆ ಹೊಡೆಯುವ ವಿಷವೂ ಎಣ್ಣೆಯೇ. ಕೊಟ್ರಮ್ಮಳ ಮನಸ್ಸಿನಲ್ಲಿದ್ದದ್ದು ಅಡುಗೆ ಮನೆಯ ಮಾಡ. ತೊಗರಿ ಹೂ ಬಿಟ್ಟ ಕಾಲದಲ್ಲಿ ಅತ್ತಿಗೆಯ ಕಿವಿಗೆ ಬಿದ್ದದ್ದು ಪಡಸಾಲೆಯ ಮಾಡ. ತಂಗಿ ಅದನ್ನು ಕುಡಿಯಲು ತರಿಸಿಕೊಂಡಿದ್ದಾಳೆ ಅಂತ ಅಣ್ಣ ಅಲ್ಲಿ ಒದ್ದಾಡುತ್ತಿದ್ದ. ಅದು ಮಜ್ಜಿಗೆಯಲ್ಲಿ ಬೆರೆತು ವೇದಿಕೆಗೆ ಹೋಗಿರುವುದು ನನಗೊಬ್ಬಳಿಗೇ ಗೊತ್ತಿತ್ತು.

"ಕೊಟ್ರಮ್ಮ, ಅದು ಹೊಲದ ಎಣ್ಣಿ!" ಅಂತ ಕಾರಿನ ಕಡೆ ಕೂಗಿ ನಾನು ಒಳಗೆ ಓಡಿದೆ.

ಬಾಗಿಲಿನಿಂದ ವೇದಿಕೆಗೆ ಒಂದು ಐವತ್ತು ಹೆಜ್ಜೆ ಇರಬಹುದು. ನಡುವೆ ಕುರ್ಚಿಗಳು, ಮಕ್ಕಳು, ಫೋಟೊದವರು. ಸ್ಪೀಕರಿನಲ್ಲಿ ಹಾಡು. ಕೂಗಿದೆ, ಯಾರಿಗೂ ಕೇಳಲಿಲ್ಲ. ಮಂಜುನಾಥನ ಕೈಯಲ್ಲಿ ಲೋಟ ಕಂಡಿತು. ಅವನು ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿ ನಗುತ್ತಿದ್ದ. "ಉಪ್ಪು ಹಾಕ್ಯಾರ, ನನಗ ಗೊತ್ತಿಲ್ಲೇನು? ಮೊದಲು ನಿಮ್ಮ ಹುಡುಗಿ ಕುಡೀಲಿ!" ಅಂತ ಸುನೀತಾಳ ಕೈಗೆ ಕೊಟ್ಟ. ಜನ ಚಪ್ಪಾಳೆ ಹೊಡೆದರು. ಹತ್ತಾರು ಮೊಬೈಲು ಮೇಲೆದ್ದವು.

ನಮ್ಮ ಸಿನಿಮಾದಲ್ಲಿ ಇದು ಇರಲಿಲ್ಲ. ಅಲ್ಲಿ ಸೇಡು ಯಾರಿಗೆ ಹೊರಟಿತ್ತೋ ಅವನಿಗೇ ಹೋಗಿ ತಾಗುತ್ತಿತ್ತು.

ಸುನೀತಾ ಲೋಟವನ್ನು ಮುಖದ ಹತ್ತಿರ ತಂದಳು. ಒಂದು ಗಳಿಗೆ ತಡೆದಳು. ಆಮೇಲೆ ತುಟಿಗೆ ಒಯ್ದಳು. ನಾನು ವೇದಿಕೆಯ ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ನನ್ನ ಕೈ ಲೋಟಕ್ಕೆ ಬಡಿದ ಸದ್ದು ನೆನಪಿದೆ. ಬೆರಳ ಗಂಟು ಒಡೆದು ರಕ್ತ ಬಂತು. ಮಜ್ಜಿಗೆ ಅವಳ ಹೊಸ ಸೀರೆಯ ಮೇಲೆ, ಹಾಸಿದ ಜಮಖಾನೆಯ ಮೇಲೆ ಚೆಲ್ಲಿತು. "ಬಾಯಿಗೆ ಹೋಯ್ತಾ? ಹೇಳು, ಹೋಯ್ತಾ?" ಅಂತ ಅವಳ ಗದ್ದ ಹಿಡಿದು ಅಲುಗಾಡಿಸಿದೆ. ಅವಳು ಇಲ್ಲ ಅಂತ ತಲೆಯಾಡಿಸಿದಳು.

ಹಾಡು ನಿಂತಿತು. "ಯಾರವ್ವಾ ನೀನು? ಹುಚ್ಚು ಗಿಚ್ಚು ಹಿಡಿದೈತೇನು?" ಅಂತ ಯಾರೋ ನನ್ನ ರಟ್ಟೆ ಹಿಡಿದರು.

"ಹಲ್ಲಿ" ಅಂದೆ. "ಮಜ್ಜಿಗೆಯಲ್ಲಿ ಹಲ್ಲಿ ಬಿದ್ದಿತ್ತು."

ಸುಳ್ಳೇ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು. ಸುನೀತಾಳ ತಾಯಿ "ಅಯ್ಯೋ ಶಿವನೇ" ಅಂತ ಮಗಳನ್ನು ಅಪ್ಪಿಕೊಂಡರು. ಚೆಲ್ಲಿದ್ದನ್ನು ಮುಟ್ಟಲು ನಾನು ಯಾರನ್ನೂ ಬಿಡಲಿಲ್ಲ. ರೇಖಾ ಓಡಿಬಂದಳು, ಅವಳ ಕಿವಿಯಲ್ಲಿ 'ಹೊಲದ ಎಣ್ಣಿ' ಅಂದೆ, ಅವಳು ಜಮಖಾನೆ ಸುತ್ತಿ ಹೊರಗೊಯ್ದಳು. ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನನ್ನ ಹಿಂದೆಯೇ ಕೊಟ್ರಮ್ಮ ಓಡಿಬಂದಿದ್ದಳು. ಮಾಸ್ಕ್ ಕಳಚಿತ್ತು. ವೇದಿಕೆಯ ಕೆಳಗೆ ಏದುಸಿರು ಬಿಡುತ್ತಾ ನಿಂತವಳನ್ನು ಮಂಜುನಾಥ ಕಂಡ.

"ಲೇ ಕೊಟ್ರಿ! ನೀ ಯಾಕ ಬಂದಿ ಇಲ್ಲಿಗೆ?"

ಎಲ್ಲರೂ ತಿರುಗಿ ನೋಡಿದರು. ಸುನೀತಾ ಒದ್ದೆ ಸೀರೆಯಲ್ಲೇ ಕೇಳಿದಳು, "ಯಾರ್ರೀ ಆಕಿ?"

"ಯಾರಿಗೆ ಗೊತ್ತು? ಯಾವಾಕಿನೋ ಏನೋ. ಮೇಕಪ್ಪಿನವರ ಜೋಡಿ ಬಂದಿರಬೇಕು."

ಸುನೀತಾಳ ಅಜ್ಜಿ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದರು. ಅಲ್ಲಿಂದಲೇ ಅಂದರು, "ತಮಾ, ಗೊತ್ತಿಲ್ಲದ ಹೆಣಮಗಳಿಗೆ 'ಲೇ' ಅಂತಾರೇನೋ ನಿಮ್ಮೂರಾಗ? ಹೆಸರು ಬ್ಯಾರೆ ಅರ್ಧಾ ಮಾಡಿ ಕರದಿ."

ಮಂಜುನಾಥ ಬೆರಳಿನ ಹೊಸ ಉಂಗುರವನ್ನು ತಿರುಗಿಸಿದ. "ಆಕಿನಽ ನನ್ನ ಬೆನ್ನ ಹತ್ತಿದ್ಲು" ಅಂದ ಕೊನೆಗೆ.

ಕೊಟ್ರಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಮಂಜ್ಯಾ, ನನಗ ನೀ ಬ್ಯಾಡ. ನೀ ನನ್ನ ಮದಿವಿ ಆಗು ಅಂತ ಕೇಳಾಕ ಬಂದಿಲ್ಲ. ಮೂರ ವರ್ಷ 'ಲೇ ಕೊಟ್ರಿ' ಅಂದಾವ ಇವತ್ತು ಯಾವಾಕಿನೋ ಅಂದಿ. ಈ ಮಂದ್ಯಾಗ ನನ್ನ ಗೊತ್ತೈತಿ ಅಂತ ಅನ್ನು. ಅಷ್ಟ ಅನ್ನು, ಹೋಗ್ತೀನಿ."

ಅವನು ಅನ್ನಲಿಲ್ಲ. ಅವನ ಸೋದರಮಾವಂದಿರು ಕೆಳಗಿಳಿದು ನಮ್ಮನ್ನು ದಬ್ಬಿದರು. ರೇಖಾಳ ಮೇಕಪ್ ಪೆಟ್ಟಿಗೆಯನ್ನು ರಸ್ತೆಗೆ ಎಸೆದರು. ಬಾಟ್ಲಿ ಅದರಲ್ಲಿರಲಿಲ್ಲ, ಜಮಖಾನೆಯ ಜೊತೆ ಆಗಲೇ ನಮ್ಮ ಕಾರಿನಲ್ಲಿತ್ತು. ಸಂಜೆ ಕೊಟ್ರಮ್ಮಳ ಅಣ್ಣ ಬಂದು ಎರಡನ್ನೂ ತೆಗೆದುಕೊಂಡು ಹೋದ. ಹೋಗುವ ಮೊದಲು ತಂಗಿಯ ತಲೆ ಮುಟ್ಟಿ ನೋಡಿದ, ಕೈ ಮುಟ್ಟಿ ನೋಡಿದ.

ಅವನು ಹೋದ ಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. "ನಿನಗೆ ನಿಜವಾಗಲೂ ಗೊತ್ತಿರಲಿಲ್ಲ ತಾನೆ?"

ಕೊಟ್ರಮ್ಮ ನನ್ನನ್ನು ದಿಟ್ಟಿಸಿದಳು. "ಗೊತ್ತಿದ್ರ ಬಟ್ಟಿ ಬಿಚ್ಚಿ ನಾನಽ ಹಾಕ್ತಿದ್ದೆ, ನಿಮ್ಮ ಕೈಲೆ ಹಾಕಸ್ತಿರಲಿಲ್ಲ" ಅಂದಳು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ವಾಂತಿ ಮಾಡಿಕೊಂಡಳು. ಮತ್ತೆಂದೂ ನಾನು ಆ ಪ್ರಶ್ನೆ ಎತ್ತಿಲ್ಲ.

ಮಾತು ಊರೂರು ಸುತ್ತಿತು. ಸಿನಿಮಾ ನೋಡಿ ನೋಡಿ ಈಗಿನ ಹುಡುಗಿಯರು ಕೆಟ್ಟರು ಅಂದರು. ಶಾಲೆಯಲ್ಲಿ ನನ್ನನ್ನು ಕರೆದು, ಓದಿದವರು ಇಂಥ ಕಡೆ ಹೋಗಬಾರದು ಅಂತ ಬುದ್ಧಿ ಹೇಳಿದರು. ಕೊಟ್ರಮ್ಮಳಿಗೆ ಸ್ವಲ್ಪ ದಿನ ಊರು ಬಿಟ್ಟಿರು ಅಂದವರೂ ಇದ್ದರು. ಅವಳು ಮರುದಿನವೇ ಅಂಗಡಿ ತೆರೆದಳು. ಬಾಗಿಲಿಗೆ ಕಟ್ಟಿದ್ದ ಪರದೆಯನ್ನೂ ಕಿತ್ತುಹಾಕಿ, ಹೊಲಿಗೆ ಮಷಿನ್ನನ್ನು ರಸ್ತೆಗೆ ಕಾಣುವಂತೆ ತಿರುಗಿಸಿ ಕೂತಳು.

ನನಗೆ ಮಾತ್ರ ನಿದ್ದೆಯಿಲ್ಲ. ಸುನೀತಾಳ ನಿಶ್ಚಿತಾರ್ಥ ಮುರಿದದ್ದು ಗೊತ್ತಾಗಿತ್ತು. ಆದರೆ ಆ ಲೋಟದಲ್ಲಿ ಏನಿತ್ತು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ತಡೆಯಲಾರದೆ ಒಬ್ಬಳೇ ಹಡಗಲಿಗೆ ಹೋದೆ. ಪೊಲೀಸರಿಗೆ ಹೇಳುತ್ತಾಳೋ, ಚಪ್ಪಲಿಯಲ್ಲಿ ಹೊಡೆಯುತ್ತಾಳೋ, ಆಗಲಿ ಅಂದುಕೊಂಡೇ ಹೋದೆ. ತೋಟದಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹರಳೆಣ್ಣೆ, ಬಸ್ಸು, ಮಾಡ, ನಾನು ಲೋಟ ಹಿಡಿದದ್ದು, ನಾನಾಡಿದ ಮಾತು. "ಹಲ್ಲಿ ಬಿದ್ದಿರಲಿಲ್ಲ" ಅಂದೆ.

ಅವಳು ಮೊಗ್ಗು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಕ್ಕಾ" ಅಂದಳು.

"ಏನು ಗೊತ್ತು?"

"ನಮ್ಮಪ್ಪ ಈ ತ್ವಾಟಕ್ಕ ಎಣ್ಣಿ ಹೊಡೀತಾನ. ಹುಟ್ಟಿದಾಗಿಂದ ಆ ವಾಸನಿ ನೋಡೀನಿ. ಲೋಟ ಮೂಗಿನ ಹತ್ರ ಬಂದ ಕೂಡ್ಲೆ ಬಡೀತು."

"ಮತ್ತೆ ಯಾಕೆ ತುಟಿಗೆ ಒಯ್ದೆ?"

ಸುನೀತಾ ಉಡಿಯಲ್ಲಿದ್ದ ಮೊಗ್ಗನ್ನು ಬುಟ್ಟಿಗೆ ಸುರಿದಳು. "ಅಷ್ಟ ಮಂದಿ ನೋಡಾಕತ್ತಿದ್ರು. ಆತ ಕುಡಿ ಅಂದಿದ್ದ. ಲೋಟ ಸರಿ ತೊಳದಿಲ್ಲ ಕಾಣ್ತತಿ ಅಂತ ನನಗ ನಾನಽ ಹೇಳ್ಕೊಂಡೆ. ಮೊದಲನೇ ದಿನಾನ ಬ್ಯಾಡ ಅಂದ್ರ ಬೀಗರು ಏನಂದಾರು ಅಂತ..." ಅಂದು, ನನ್ನ ಕಡೆ ನೋಡಿ ನಕ್ಕಳು. "ಒಂದ ಗುಟುಕು ಕುಡಿದರಾತು ಅಂತಿದ್ದೆ."

ಕೊಟ್ರಮ್ಮಳ ಸಿಟ್ಟು ತಪ್ಪು ಅಂತ ನನ್ನ ಬಾಯಿಂದ ಯಾರೂ ಹೇಳಿಸಲಾರರು. ನಮ್ಮ ತಪ್ಪು ಏನೆಂದು ನನಗೆ ಗೊತ್ತು. ಮತ್ತೊಬ್ಬರ ಬಾಯಿಗೆ ಹೋಗುವುದನ್ನು ಆಟದ ಸಾಮಾನು ಮಾಡಿಕೊಂಡೆವು. ಅದನ್ನು ನಾನು ಸಾಯುವತನಕ ಹೊತ್ತುಕೊಳ್ಳುತ್ತೇನೆ. ಆದರೆ ಈ ಊರುಗಳು ನಮ್ಮನ್ನು ಬೈದ ಹಾಗೆ, ಒಂದು ಹುಡುಗಿ ವಿಷ ಅಂತ ಮೂಗಿಗೆ ತಿಳಿದ ಮೇಲೂ ಕುಡಿಯಲು ಹೊರಟಳಲ್ಲ, ಅದನ್ನು ಯಾರೂ ಬೈಯಲಿಲ್ಲ. ಆ ಚಪ್ಪಾಳೆಯನ್ನು ಯಾರೂ ಬೈಯಲಿಲ್ಲ.

ಹಡಗಲಿಯಿಂದ ಬಂದ ಮರುದಿನ ಒಂಬತ್ತನೇ ತರಗತಿಗೆ ಹೋದವಳು ಪುಸ್ತಕ ತೆರೆಯಲಿಲ್ಲ. ಹೆಣ್ಣುಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದೆ. "ಯಾರೇ ಏನೇ ಕೈಗೆ ಕೊಡಲಿ, ನಿಮಗೆ ಬೇಡ ಅನ್ನಿಸಿದರೆ ಏನಂತೀರಿ?" ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬಳು ಹಿಂದಿನ ಬೆಂಚಿನಿಂದ "ಬ್ಯಾಡ ರೀ" ಅಂತ ಪಿಸುಗುಟ್ಟಿದಳು.

"ರೀ ಬಿಡು" ಅಂದೆ. "ಎಲ್ಲರೂ ಹೇಳಿ."

"ಬ್ಯಾಡ."

ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಲ್ಲಿ ಇಣುಕಿ, "ಏನ್ರೀ ಮೇಡಂ ಗದ್ದಲ?" ಅಂದರು. ನಾನು ತಿರುಗಿ ನೋಡಲಿಲ್ಲ. ಹುಡುಗಿಯರಿಗೆ ಅಂದೆ, ಇನ್ನೊಂದು ಸಲ, ಜೋರಾಗಿ.